ದೋಣಿಗೆ ಟಾಯ್ಲೆಟ್ ಟ್ಯಾಂಕ್ ಹಾಕಿಸುವವರೇ, ಮೊದಲು ಗಾಳಿ ಪೈಪ್ ನೋಡಿ

ಸಿಯಾಟಲ್ ಕಡೆ ಇರುವ ನಮ್ಮವರಲ್ಲಿ ಈಗೀಗ ಹಾಯಿದೋಣಿ ಹುಚ್ಚು ಜಾಸ್ತಿಯಾಗಿದೆ. ಒಳ್ಳೇ ಹುಚ್ಚೇ, ಬೇಡ ಅನ್ನುವುದಿಲ್ಲ. 25-27 ಅಡಿಯ ಹಳೇ ದೋಣಿ ಒಂದು ಹಳೇ ಕಾರಿನ ಬೆಲೆಗೆ ಸಿಗುತ್ತದೆ. ಆದರೆ ಅವುಗಳಲ್ಲಿ ಬಹಳಷ್ಟು 1970ರ ದಶಕದವು. ಟಾಯ್ಲೆಟ್ ಇರುತ್ತದೆ, ಟ್ಯಾಂಕ್ ಇರುವುದಿಲ್ಲ. ಪಂಪ್ ಹೊಡೆದರೆ ನೇರ ನೀರಿಗೆ. ಹಾಗಾಗಿ ದೋಣಿ ಕೊಂಡ ತಕ್ಷಣ ಮಾಡಿಸಬೇಕಾದ ಕೆಲಸಗಳಲ್ಲಿ ಹೋಲ್ಡಿಂಗ್ ಟ್ಯಾಂಕ್, ಅಂದರೆ ಗಲೀಜನ್ನು ದೋಣಿಯಲ್ಲೇ ಹಿಡಿದಿಡುವ ಟ್ಯಾಂಕ್, ಒಂದು. ಅದನ್ನು ಹಾಕಿಸಿ ನಾವು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ಊಟ ಮಾಡುತ್ತಾ ಓದಬೇಡಿ.

ಟ್ಯಾಂಕ್ ಇಲ್ಲದೆ ನಡೆಯಲ್ವಾ ಅಂತ ಕೆಲವರು ಕೇಳುತ್ತಾರೆ. ನಡೆಯಲ್ಲ. ತೀರದಿಂದ 3 ನಾಟಿಕಲ್ ಮೈಲಿ ಒಳಗೆ ಹಸಿ ಗಲೀಜನ್ನು ನೀರಿಗೆ ಬಿಡಬಾರದು ಅಂತ ಅಮೆರಿಕದ ಕಾನೂನೇ ಇದೆ. ನಾವು ದೋಣಿ ಓಡಿಸುವ ಪ್ಯೂಜೆಟ್ ಸೌಂಡ್, ಅಂದರೆ ಸಿಯಾಟಲ್ ಪಕ್ಕದ ಸಮುದ್ರದ ತೋಳು, ಪೂರ್ತಿ ಆ ಲೆಕ್ಕದೊಳಗೇ ಬರುತ್ತದೆ. ಮೊದಲು ದೋಣಿಯಲ್ಲೇ ಯಂತ್ರ ಇಟ್ಟು ಶುದ್ಧ ಮಾಡಿ ಬಿಡಬಹುದಿತ್ತು. 2018ರ ಮೇ ತಿಂಗಳಿಂದ ಅದೂ ಇಲ್ಲ. ಲೇಕ್ ವಾಷಿಂಗ್ಟನ್, ಲೇಕ್ ಯೂನಿಯನ್ ಕೂಡ ಇದರಲ್ಲಿ ಸೇರಿವೆ. ಕಾರಣ ಗೊತ್ತಿರುವುದೇ. ಮಂಗಳೂರು ಕಡೆ ಮರುವಾಯಿ ಅಂತಾರಲ್ಲ, ಆ ಜಾತಿಯ ಚಿಪ್ಪುಗಳನ್ನು ಇಲ್ಲಿ ಜನ ದಂಡೆಯಲ್ಲೇ ಅಗೆದು ತಿನ್ನುತ್ತಾರೆ. ಅವು ನೀರನ್ನು ಸೋಸಿ ಬದುಕುವ ಜೀವ. ನಾವು ಬಿಟ್ಟದ್ದು ಅವುಗಳ ಹೊಟ್ಟೆಗೆ, ಅಲ್ಲಿಂದ ನಮ್ಮ ತಟ್ಟೆಗೆ. ಅಕ್ಕಪಕ್ಕದ ಹಳೇ ದೋಣಿಯವರು ಮಾತ್ರ ಇನ್ನೂ ಗೊಣಗುತ್ತಾರೆ. ಆಚೆ ದಡದ, ಕೆನಡಾದ ವಿಕ್ಟೋರಿಯಾ ನಗರ 2020ರ ಕೊನೆವರೆಗೂ ಇಡೀ ಊರಿನ ಗಲೀಜನ್ನು ಜಾಲರಿಯಲ್ಲಿ ಸೋಸಿದ ಶಾಸ್ತ್ರ ಮಾಡಿ ಸಮುದ್ರಕ್ಕೆ ಬಿಡುತ್ತಿತ್ತು, ನಮ್ಮ ಅರ್ಧ ಬಕೆಟ್ಟಿಗೆ ಇಷ್ಟು ರಗಳೆಯಾ ಅಂತ. ಅವರ ಸಿಟ್ಟು ಅರ್ಥವಾಗುತ್ತದೆ. ಆದರೂ ದೋಣಿಗೇ ಕೂರಿಸಿದ ಟಾಯ್ಲೆಟ್ ಇದ್ದರೆ ಟ್ಯಾಂಕ್ ಬೇಕೇ ಬೇಕು.

ನಮ್ಮದು 27 ಅಡಿ ದೋಣಿ. ಒಳ್ಳೇ ದೋಣಿ ರಿಪೇರಿ ಯಾರ್ಡಿನವರನ್ನು ಕೇಳಿದರೆ ಬೇಸಿಗೆ ಮುಗಿಯುವವರೆಗೂ ಕ್ಯೂ ಅಂದರು. ಆಗ ದೋಣಿಕಟ್ಟೆಯ ಬೋರ್ಡಿನಲ್ಲಿ ಚೀಟಿ ಹಚ್ಚಿದ್ದ ಒಬ್ಬ ಸ್ವಂತ ಕೆಲಸಗಾರ ಸಿಕ್ಕಿದ. ಹೆಸರು ಹಾಕುವುದಿಲ್ಲ. ಮಾತಿನಲ್ಲಿ ಬಲು ಚುರುಕು. ಟ್ಯಾಂಕ್ ಅಂದರೆ ಒಂದು ಪ್ಲಾಸ್ಟಿಕ್ ಡಬ್ಬ, ನಾಲ್ಕು ಪೈಪ್, ಅಷ್ಟೇ ಅಂದ. ಹಾಕುವುದು ಕೋಸ್ಟ್ ಗಾರ್ಡ್ ಸರ್ಟಿಫೈಡ್ ಟ್ಯಾಂಕ್ ಅಂತ ಬೇರೆ ಒತ್ತಿ ಹೇಳಿದ. ಈ ಸರ್ಟಿಫೈಡ್ ಮಾತಿಗೆ ಬೆಲೆ ಕೊಡಬೇಡಿ. ಬರೀ ಗಲೀಜು ಹಿಡಿದಿಡುವ ಟ್ಯಾಂಕಿಗೆ ಪ್ರತ್ಯೇಕ ಲೇಬಲ್ಲೇ ಬೇಕಾಗಿಲ್ಲ. ಹೊರಗಿನ ಗಾಳಿಯ ಒತ್ತಡ, ಉಷ್ಣತೆ ಎಷ್ಟಿದೆಯೋ ಅಷ್ಟರಲ್ಲೇ ಹಿಡಿದಿಡುವ ಯಾವ ಟ್ಯಾಂಕನ್ನಾದರೂ ಸರ್ಟಿಫೈಡ್ ಅಂತಲೇ ಎಣಿಸಬೇಕು ಅನ್ನುವುದು ನಿಯಮ. ಅವನು ಮಾಡಿಟ್ಟ ಕೆಲಸದಲ್ಲಿ ಆ ಹೊರಗಿನ ಒತ್ತಡ ಅನ್ನುವುದೊಂದೇ ಉಳಿಯಲಿಲ್ಲ.

ಮೂತಿ ಕಡೆಯ ಹಾಸಿಗೆಯ ಕೆಳಗೆ 15 ಗ್ಯಾಲನ್ನಿನ, ಅಂದರೆ ಸುಮಾರು 57 ಲೀಟರಿನ ಟ್ಯಾಂಕ್ ಕೂರಿಸಿದ. ಚಿಕ್ಕ ದೋಣಿಯಲ್ಲಿ ಬೇರೆ ಜಾಗವೂ ಇರುವುದಿಲ್ಲ, ಆ ಬಗ್ಗೆ ತಕರಾರಿಲ್ಲ. ಕೆಲಸ ಮುಗಿದ ದಿನ ಎಲ್ಲ ಫಳಫಳ ಅಂತಿತ್ತು. ದುಡ್ಡು ಪೂರ್ತಿ ಎಣಿಸಿಕೊಂಡು ಹೋದ.

ವಾಸನೆ ಶುರುವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಅವನಿಗೆ ಫೋನ್ ಮಾಡಿದರೆ, ದೋಣಿ ಅಂದ ಮೇಲೆ ವಾಸನೆ ಇರುತ್ತೆ, ಟ್ಯಾಂಕಿಗೆ ಒಂದು ಬಾಟಲಿ ನೀಲಿ ಔಷಧಿ ಸುರಿಯಿರಿ ಅಂದ. ಸುರಿದೆವು. ಗಲೀಜು ವಾಸನೆಯ ಜೊತೆಗೆ ಔಷಧಿ ವಾಸನೆಯೂ ಸೇರಿತು. ಆ ಬೇಸಿಗೆಯಲ್ಲಿ ನಮ್ಮತ್ತೆ ಹಾಸನದಿಂದ ಬಂದಿದ್ದರು. ಒಂದು ರಾತ್ರಿ ದೋಣಿಯಲ್ಲೇ ಮಲಗಿದರು, ಅದೂ ಆ ಮುಂದಿನ ಹಾಸಿಗೆಯಲ್ಲೇ. ಬೆಳಿಗ್ಗೆ ಕಾಫಿ ಕೈಗೆ ಕೊಟ್ಟರೆ ಕುಡಿಯದೆ ಹಿಡಿದುಕೊಂಡು ಕೂತರು. "ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ, ಇದು ಮೇಲಿಂದ ಬರ್ತಿರೋ ವಾಸನೆ ಅಲ್ಲ. ಆ ಪೈಪೇ ನಾರ್ತಿದೆ ನೋಡಿ" ಅಂದರು.

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಇದನ್ನು ಪರೀಕ್ಷಿಸಲು ಯಂತ್ರಗಿಂತ್ರ ಬೇಡ. ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ ಹೋಸಿಗೆ ಸುತ್ತಿ. ಆರಿದ ಮೇಲೆ ಬಟ್ಟೆಯನ್ನು ಹೊರಗೆ ತಂದು ಮೂಸಿ. ಬಟ್ಟೆ ನಾರಿದರೆ ಹೋಸ್ ಗೋಡೆಯ ಮೂಲಕವೇ ವಾಸನೆ ಸೋರುತ್ತಿದೆ ಅಂತ ಅರ್ಥ. ಸೀಳು, ತೂತು ಯಾವುದೂ ಬೇಕಾಗಿಲ್ಲ. ನಮ್ಮವನು ಹಾಕಿದ್ದು ದೋಣಿಯ ತಳದ ನೀರು ಎತ್ತುವ ಪಂಪಿಗೆ ಬಳಸುವ ಬಿಳಿ ಸುಕ್ಕಿನ ಹೋಸ್. ಗಲೀಜಿಗೆ ಅಂತಲೇ ಮಾಡಿದ ಸ್ಯಾನಿಟೇಷನ್ ಹೋಸ್ ಬೇರೆ. ಅದರ ಗೋಡೆ ದಪ್ಪ, ಒಳಗೆ ನುಣುಪು, ಬೆಲೆ ಅಡಿಗೆ ಹತ್ತು ಡಾಲರ್ ದಾಟುತ್ತದೆ. ಉಳಿಸಿದ್ದು ಅಲ್ಲಿ. ಬಿಲ್ಲಿನಲ್ಲಿ ಮಾತ್ರ "ಮರೀನ್ ಹೋಸ್" ಅಂತ ಬರೆದಿದ್ದ. ಅದೂ ಸುಳ್ಳಲ್ಲ ಬಿಡಿ, ದೋಣಿ ಅಂಗಡಿಯಲ್ಲೇ ಸಿಗುವ ಹೋಸ್ ಅದು! ನೀವು ಬರೆಸಿಕೊಳ್ಳುವಾಗ ಕಂಪನಿ, ಮಾಡೆಲ್ ಎರಡೂ ಬರೆಸಿಕೊಳ್ಳಿ.

ಹೋಸ್ ಬದಲಿಸುವ ಮೊದಲೇ ದೊಡ್ಡ ಅನಾಹುತ ಆಯಿತು. ಭಾನುವಾರ ಸಂಜೆ, ಪಂಪ್‌ಔಟ್ ಕಟ್ಟೆ, ಅಂದರೆ ದೋಣಿಗಳ ಟ್ಯಾಂಕಿನ ಗಲೀಜನ್ನು ಯಂತ್ರದಿಂದ ಎಳೆದು ಖಾಲಿ ಮಾಡುವ ಜಾಗ. ಈ ಕಡೆ ಪಂಪ್‌ಔಟ್ ಬಹುಪಾಲು ಪುಕ್ಕಟೆ, ಹಾಗಾಗಿ ಭಾನುವಾರ ಸಾಲು ಇದ್ದೇ ಇರುತ್ತದೆ. ನಮ್ಮ ಹಿಂದೆಯೂ ದೋಣಿಗಳು ಕಾಯುತ್ತಿದ್ದವು. ಬೆಳಿಗ್ಗೆಯಿಂದ ಟಾಯ್ಲೆಟ್ಟಿನ ಕೈಪಂಪ್ ಯಾಕೋ ಬಿಗಿಯಾಗಿದೆ ಅಂತ ಮಗ ಹೇಳುತ್ತಲೇ ಇದ್ದ. ಡೆಕ್ ಮೇಲಿನ, ಟ್ಯಾಂಕ್ ಖಾಲಿ ಮಾಡುವ ಪೈಪಿನ ಮುಚ್ಚಳಕ್ಕೆ ಕೀಲಿ ಹಾಕಿ ಅರ್ಧ ಸುತ್ತು ತಿರುಗಿಸಿದೆ. ಸುಯ್ ಅಂತ ಸದ್ದು ಬಂತು. "ರೀ, ಬೇಡ, ಬಿಟ್ಬಿಡಿ" ಅಂತ ಹೆಂಡತಿ ಕೂಗುವಷ್ಟರಲ್ಲಿ ಮುಚ್ಚಳ ಎಗರಿತ್ತು. ಅದರ ಹಿಂದೆಯೇ ಟ್ಯಾಂಕಿನಲ್ಲಿದ್ದದ್ದು. ಬೂಮಿನ, ಅಂದರೆ ಹಾಯಿಯ ಬುಡದ ಅಡ್ಡಕಂಬದ ಎತ್ತರಕ್ಕೆ ಹೋಗಿ, ಮಡಚಿ ಕಟ್ಟಿದ್ದ ಹಾಯಿಯ ಮೇಲೆ, ನನ್ನ ಮೇಲೆ, ಕಟ್ಟೆಯ ಹಲಗೆಗಳ ಮೇಲೆ ಬಿತ್ತು. ಹೋಸ್ ಹಿಡಿದು ತೊಳೆಯುವಂತೆಯೂ ಇಲ್ಲ, ತೊಳೆದರೆ ಎಲ್ಲ ನೀರಿಗೇ. ಟವೆಲ್ಲಿನಲ್ಲಿ ಒರೆಸಿ ಬಕೆಟ್ಟಿಗೆ ಹಿಂಡುತ್ತಾ ಕೂತೆವು. ಹಿಂದಿನ ದೋಣಿಯ ಮುದುಕ ಬೈಯುತ್ತಾನೆ ಅಂದುಕೊಂಡರೆ, ತನ್ನ ಬಕೆಟ್ ತಂದು ಜೊತೆಗೆ ಕೂತ. ನಿನ್ನ ವೆಂಟ್ ಕಟ್ಟಿದೆ ಕಣಯ್ಯಾ ಅನ್ನುವ ಅರ್ಥದ ಮಾತು ಹೇಳಿದ.

ವೆಂಟ್ ಅಂದರೆ ಟ್ಯಾಂಕಿನ ಗಾಳಿ ಪೈಪ್. ಟ್ಯಾಂಕಿಗೆ ಒಂದು ಲೀಟರ್ ಒಳಗೆ ಹೋದರೆ ಒಂದು ಲೀಟರ್ ಗಾಳಿ ಹೊರಗೆ ಹೋಗಲೇಬೇಕು. ದಾರಿ ಇಲ್ಲದಿದ್ದರೆ, ವಿಷಲ್ ತೂತು ಕಟ್ಟಿದ ಕುಕ್ಕರ್ ಒಲೆ ಮೇಲಿಟ್ಟ ಹಾಗೆ. ಪಂಪ್‌ಔಟ್ ಮಾಡುವಾಗ ಇದರ ಉಲ್ಟಾ. ಹೊರಗಿನ ಯಂತ್ರ ಜೋರಾಗಿ ಎಳೆಯುತ್ತದೆ, ಗಾಳಿ ಒಳಗೆ ಬರದಿದ್ದರೆ ತೆಳು ಟ್ಯಾಂಕ್ ಒಳಕ್ಕೆ ಕುಸಿದು ಸೀಳುತ್ತದೆ. ವಾಸನೆಯ ಮೂಲವೂ ಇಲ್ಲೇ ಇದೆ. ಗಾಳಿ ಚೆನ್ನಾಗಿ ಆಡಿದರೆ ಟ್ಯಾಂಕಿನೊಳಗಿನ ಬ್ಯಾಕ್ಟೀರಿಯಾ ಕೊಡುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್. ಅದಕ್ಕೆ ವಾಸನೆ ಇಲ್ಲ. ಗಾಳಿ ಇಲ್ಲದಿದ್ದರೆ ಬೇರೆ ಜಾತಿಯವು ಬೆಳೆದು ಹೈಡ್ರೋಜನ್ ಸಲ್ಫೈಡ್, ಮೀಥೇನ್ ಬಿಡುತ್ತವೆ. ಸಮುದ್ರದ ನೀರಿನಲ್ಲಿ ಫ್ಲಶ್ ಮಾಡಿದರೆ ಅದರಲ್ಲಿನ ಸಲ್ಫೇಟ್ ಸೇರಿ ಇನ್ನೂ ಜೋರು. ಕೊಳೆತ ಮೊಟ್ಟೆ ವಾಸನೆ ತಾನಾಗಿ ನಿಂತಿತು ಅಂತ ಖುಷಿಪಡಬೇಡಿ. ಈ ಸಲ್ಫೈಡ್ ಅನಿಲ ಜಾಸ್ತಿಯಾದರೆ ಮೂಗನ್ನೇ ಮರಗಟ್ಟಿಸುತ್ತದೆ. ಮುಚ್ಚಿದ ಪುಟ್ಟ ಕ್ಯಾಬಿನ್ನಿನಲ್ಲಿ ಅದರ ಮೇಲೆ ಮಕ್ಕಳನ್ನು ಮಲಗಿಸುವುದು ತಮಾಷೆಯ ಮಾತಲ್ಲ.

ಮುಂದೆ ಬೇರೆ ಕೆಲಸಗಾರ ಬಂದು ಹಾಸಿಗೆ ಎತ್ತಿ ಟಾರ್ಚ್ ಬಿಟ್ಟು ತೋರಿಸಿದಾಗ ಎಲ್ಲ ಗೊತ್ತಾಯಿತು. ಮೊದಲಿನವನು ಹಾಕಿದ್ದ ವೆಂಟ್ 5/8 ಇಂಚಿನದು. ಬಹಳ ಕಡೆ ಅದನ್ನೇ ಹಾಕುತ್ತಾರೆ, ಅದೊಂದನ್ನೇ ದೂರುವುದಿಲ್ಲ. ಆದರೆ ಅದನ್ನು ಟ್ಯಾಂಕಿನಿಂದ ಮೇಲೆತ್ತಿ, ಲಂಗರು ಡಬ್ಬಿಯ ಹಿಂದೆ ಸುತ್ತಿಸಿ, ನಡುವೆ ಜೋತುಬಿಟ್ಟು, ದೋಣಿಯ ಪಕ್ಕದಲ್ಲಿ ತೀರಾ ಕೆಳಗೆ ಹೊರಬಿಟ್ಟಿದ್ದ. ಗಾಳಿಗೆ ದೋಣಿ ಆ ಪಕ್ಕಕ್ಕೆ ವಾಲಿದಾಗಲೆಲ್ಲ ತುಂಬಿದ ಟ್ಯಾಂಕಿನ ಗಲೀಜು ವೆಂಟಿಗೆ ನುಗ್ಗಿ, ಆ ಜೋತುಬಿದ್ದ ಜಾಗದಲ್ಲಿ ನಿಂತು ಒಣಗುತ್ತಿತ್ತು. ಹೊರಗಿನ ಬಾಯಿಗೆ ಹುಳ ಹೋಗದಿರಲಿ ಅಂತ ಒಂದು ಸಣ್ಣ ಜಾಲರಿ ಬೇರೆ. ಅದರಲ್ಲಿ ಉಪ್ಪು, ಗಲೀಜು ಸೇರಿ ಕಾಂಕ್ರೀಟಾಗಿತ್ತು. ಈಗ ಹಾಕಿರುವುದು 1 ಇಂಚಿನ ಹೋಸ್, ಆದಷ್ಟು ಮೋಟು, ಎಲ್ಲೂ ಇಳಿಯದೆ ಏರುತ್ತಲೇ ಹೋಗುವಂತೆ. ಎರಡೂ ಪಕ್ಕಕ್ಕೆ ಒಂದೊಂದು ವೆಂಟ್ ಇದ್ದರೆ ಇನ್ನೂ ಒಳ್ಳೆಯದು, ಗಾಳಿ ಅಡ್ಡಡ್ಡ ಆಡುತ್ತದೆ. ನಮ್ಮ ದೋಣಿಯಲ್ಲಿ ಅದಕ್ಕೆ ಜಾಗ ಸಾಲಲಿಲ್ಲ.

ನಿಮ್ಮ ಕೈಪಂಪ್ ಬಿಗಿಯಾದರೆ ಅಥವಾ ಬೌಲಿನ ನೀರು ವಾಪಸ್ ತಳ್ಳಿದರೆ ಅಲ್ಲೇ ನಿಲ್ಲಿಸಿ. ಹೊರಗಿನಿಂದ ವೆಂಟಿನ ಬಾಯಿಗೆ ನೀರು ಹಾಯಿಸಿ ಬಿಡಿಸಲು ನೋಡಿ. ಮುಚ್ಚಳ ತೆಗೆಯಲೇಬೇಕಾದರೆ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕೆ ಇಟ್ಟು, ಎಳ್ಳಷ್ಟೆಳ್ಳಷ್ಟೇ ತಿರುಗಿಸಿ.

ವಾಸನೆ ತಡೆಯಬಹುದು, ಮೈಮೇಲೆ ಬಿದ್ದದ್ದನ್ನು ತೊಳೆಯಬಹುದು. ಆ ಎರಡನೇ ಕೆಲಸಗಾರ ಕೊನೆಗೆ ತೋರಿಸಿದ್ದು ದೋಣಿ ಮುಳುಗಿಸುವಂಥದ್ದು. ಚಿಕ್ಕ ದೋಣಿಯಲ್ಲಿ ಟಾಯ್ಲೆಟ್ ಬೌಲ್ ಹೊರಗಿನ ನೀರಿನ ಮಟ್ಟಕ್ಕೆ ಸರಿಸಮ, ವಾಲಿದಾಗ ಅದಕ್ಕೂ ಕೆಳಗೆ. ಫ್ಲಶ್ ನೀರನ್ನು ಪಂಪಿನಿಂದ ಬೌಲಿಗೆ ಒಯ್ಯುವ ಪೈಪನ್ನು ಮೊದಲು ಎತ್ತರಕ್ಕೆ ಒಯ್ದು, ತುದಿಯಲ್ಲಿ ಗಾಳಿ ಎಳೆಯುವ ಪುಟ್ಟ ವಾಲ್ವ್ ಇಟ್ಟು, ಆಮೇಲೆ ಕೆಳಗಿಳಿಸಬೇಕು. ಇದಕ್ಕೆ ವೆಂಟೆಡ್ ಲೂಪ್ ಅಂತಾರೆ. ದೋಣಿ ಎಷ್ಟೇ ವಾಲಿದರೂ ಆ ತುದಿ ನೀರಿಗಿಂತ ಮೇಲೇ ಇರಬೇಕು. ಇಲ್ಲದಿದ್ದರೆ ಸೈಫನ್ ಶುರುವಾಗಿ, ಯಾರೂ ಪಂಪ್ ಮುಟ್ಟದೆಯೂ ನೀರು ಬೌಲಿಗೆ ಬಂದು, ಉಕ್ಕಿ, ಒಳಗೆ ತುಂಬುತ್ತಲೇ ಇರುತ್ತದೆ. ನಮ್ಮ ದೋಣಿಯಲ್ಲಿ ಮೊದಲಿದ್ದ ಲೂಪನ್ನು ಟ್ಯಾಂಕ್ ಪೈಪಿಗೆ ಅಡ್ಡ ಬಂತು ಅಂತ ಅವನು ಕಿತ್ತು ಬಿಸಾಕಿದ್ದ. ನಮಗೆ ಒಂದು ಮಾತು ಹೇಳಿರಲಿಲ್ಲ. ದೋಣಿ ಬಿಟ್ಟು ಮನೆಗೆ ಹೊರಡುವಾಗ ಸೀಕಾಕ್, ಅಂದರೆ ಹೊರಗಿನ ನೀರು ಒಳಬರುವ ತೂತಿನ ನಲ್ಲಿ, ಮುಚ್ಚುವ ಅಭ್ಯಾಸ ಹೆಂಡತಿಗೆ ಇದ್ದದ್ದರಿಂದ ಬಚಾವಾದೆವು. ಪೈಪುಗಳ ತುದಿಗೆ ಕ್ಲಾಂಪ್ ಕೂಡ ಒಂದೊಂದೇ. ನೀರಿನ ಮಟ್ಟದ ಕೆಳಗಿನ ಜಾಯಿಂಟಿಗೆ ಎರಡೆರಡು ಬೇಕು, ಅದೂ 316 ಸ್ಟೇನ್‌ಲೆಸ್. ಅವನ ಕ್ಲಾಂಪುಗಳು ಆಗಲೇ ತುಕ್ಕು ಹಿಡಿದಿದ್ದವು.

ಗಲೀಜು ನೇರ ನೀರಿಗೆ ಹೋಗುವ ಹಳೇ ದಾರಿಯನ್ನೂ ಹಾಗೇ ಬಿಟ್ಟಿದ್ದ, ಗಲೀಜು ಟ್ಯಾಂಕಿಗೋ ನೀರಿಗೋ ಅಂತ ಕೈಯಲ್ಲಿ ತಿರುಗಿಸುವ ವೈ ವಾಲ್ವ್ ಹಾಕಿ. ಇಲ್ಲಿ ಅದಕ್ಕೆ ಬೀಗ ಬೇಕು, ಇಲ್ಲಾ ಕತ್ತರಿಸದೆ ಬಿಚ್ಚಲಾಗದ ಪ್ಲಾಸ್ಟಿಕ್ ಟೈ ಹಾಕಿ ಮುಚ್ಚಿದ ಸ್ಥಿತಿಯಲ್ಲೇ ಬಿಗಿದಿರಬೇಕು. ಕೋಸ್ಟ್ ಗಾರ್ಡ್‌ನವರು ಹತ್ತಿದರೆ ನೋಡುವುದು ಅದನ್ನೇ. ಡೆಕ್ ಮೇಲೆ ಗಲೀಜಿನ ಮುಚ್ಚಳವನ್ನು ಕುಡಿಯುವ ನೀರಿನ ಮುಚ್ಚಳದ ಪಕ್ಕದಲ್ಲೇ ಕೂರಿಸಿದ್ದ. ಎರಡೂ ಒಂದೇ ಅಳತೆ, ಒಂದೇ ಕೀಲಿ. ಅದನ್ನು ನೋಡಿ ಎರಡನೇಯವನು ಏನೂ ಮಾತಾಡಲಿಲ್ಲ, ಸುಮ್ನೆ ಫೋಟೋ ತೆಗೆದುಕೊಂಡ.

ಇಷ್ಟೆಲ್ಲ ಆದ ಮೇಲೆ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. 25 ಅಡಿ ಒಳಗಿನ ದೋಣಿ, ಬೆಳಿಗ್ಗೆ ಹೋಗಿ ಸಂಜೆ ಬರುವವರಾದರೆ ಟ್ಯಾಂಕೇ ಬೇಡ. ಹಳೇ ಟಾಯ್ಲೆಟ್ ಕಿತ್ತು, ಅದಕ್ಕಾಗಿ ದೋಣಿಯ ಮೈಯಲ್ಲಿ ಕೊರೆದ ತೂತುಗಳನ್ನು ಸರಿಯಾಗಿ ಮುಚ್ಚಿಸಿ, ಸುಮಾರು 20 ಲೀಟರಿನ ಪೋರ್ಟಬಲ್ ಟಾಯ್ಲೆಟ್ ಇಟ್ಟುಕೊಳ್ಳಿ. ದಡಕ್ಕೆ ಒಯ್ದು ಖಾಲಿ ಮಾಡಿದರಾಯಿತು. ಇದನ್ನು ಯಾವ ಫಿಟ್ಟರೂ ತಾನಾಗಿ ಹೇಳುವುದಿಲ್ಲ, ಅವನಿಗೆ ಅದರಲ್ಲಿ ಕೆಲಸವಿಲ್ಲ. ಲೆಕ್ಕ ಹಾಕಿ ನೋಡಿ: ಕೈಪಂಪಿನಲ್ಲಿ ಒಂದು ಸಲಕ್ಕೆ ಎರಡು ಮೂರು ಲೀಟರ್ ಹೋಗುತ್ತದೆ. 57 ಲೀಟರಿನ ಟ್ಯಾಂಕ್ ನಾಲ್ಕು ಜನಕ್ಕೆ ಒಂದೂವರೆ ದಿನ ಬಂದರೆ ಹೆಚ್ಚು.

ನಮ್ಮ ದುಡ್ಡು ವಾಪಸ್ ಬಂದಿಲ್ಲ. ಅವನು ಈಗ ಫೋನ್ ಎತ್ತುವುದಿಲ್ಲ. ಎರಡನೇ ಕೆಲಸಕ್ಕೆ ಮೊದಲಿನದರ ಎರಡರಷ್ಟಕ್ಕೂ ಮೇಲೆ ಹೋಯಿತು. ನೀವು ಮಾಡಿಸುವುದಾದರೆ ಅರ್ಧ ದುಡ್ಡು ಕೈಯಲ್ಲೇ ಇಟ್ಟುಕೊಳ್ಳಿ. ಕೆಲಸ ಮುಗಿದ ದಿನ ಟ್ಯಾಂಕಿಗೆ ಬರೀ ಒಳ್ಳೇ ನೀರು ತುಂಬಿಸಿ, ಪ್ರತಿ ಜಾಯಿಂಟಿಗೂ ಟಿಶ್ಯೂ ಪೇಪರ್ ಸುತ್ತಿ. ಒಬ್ಬರು ಪಂಪ್ ಹೊಡೆಯಲಿ, ಇನ್ನೊಬ್ಬರು ಹೊರಗೆ ವೆಂಟಿನ ಬಾಯಿಗೆ ಅಂಗೈ ಒಡ್ಡಲಿ. ಪ್ರತಿ ಹೊಡೆತಕ್ಕೂ ಅಂಗೈಗೆ ಗಾಳಿ ತಗುಲಬೇಕು. ಆಮೇಲೆ ಪಂಪ್‌ಔಟ್ ಮಾಡಿಸಿ ಟ್ಯಾಂಕ್ ತೆರೆದು ನೋಡಿ, ತಳದಲ್ಲಿ ಎಷ್ಟು ನೀರು ಉಳಿಯಿತು ಅಂತ. ನಮ್ಮದರಲ್ಲಿ ಹೊರಹೋಗುವ ತೂತು ಟ್ಯಾಂಕಿನ ಎತ್ತರದ ತುದಿಗೆ ಬಂದಿತ್ತು, ಎಷ್ಟು ಎಳೆದರೂ ತಳದ್ದು ತಳದಲ್ಲೇ. ಟಿಶ್ಯೂ ಒದ್ದೆಯಾಗದೆ, ಅಂಗೈಗೆ ಗಾಳಿ ತಗುಲಿ, ತಳ ಖಾಲಿಯಾದರೆ ಮಾತ್ರ ಉಳಿದರ್ಧ ಎಣಿಸಿ.