ಕುಡಿತ ಬಿಟ್ಟವರ ಸೊಂಟನೋವಿಗೆ: ಲಟಿಕೆ, ಕಟಿಬಸ್ತಿ, ಫಿಸಿಯೋ

ಶಿವಮೊಗ್ಗ ಕಡೆಯ ವ್ಯಸನಮುಕ್ತಿ ಕೇಂದ್ರಕ್ಕೆ ಬರುವವರಲ್ಲಿ ಅಡಿಕೆ ಮೂಟೆ ಹೊತ್ತವರು, ಮರ ಹತ್ತಿ ಗೊನೆ ತೆಗೆದವರು ಇದ್ದೇ ಇರುತ್ತಾರೆ. ಕುಡಿತ ನಿಂತಮೇಲೆ ಅದುವರೆಗೆ ಅದುಮಿಟ್ಟಿದ್ದ ಸೊಂಟನೋವು ಎದ್ದು ಕೂರುತ್ತದೆ. ಕೈಯಲ್ಲಿ ಬೆನ್ನಿನ ಲಟಿಕೆ ತೆಗೆಯುವ ಕೈರೋಪ್ರಾಕ್ಟಿಕ್, ಆಯುರ್ವೇದದ ಕಟಿಬಸ್ತಿ, ವ್ಯಾಯಾಮದ ಫಿಸಿಯೋಥೆರಪಿ, ಈ ಮೂರನ್ನೂ ಮಾಡಿಸಿ ನೋಡಿದ ಮೇಲೆ ನನ್ನ ಓಟು ಫಿಸಿಯೋಗೆ.

ಕೈರೋಪ್ರಾಕ್ಟಿಕ್‌ನಲ್ಲಿ ಬರುವ ಲಟಕ್ ಸದ್ದು ಜಾರಿದ ಮೂಳೆ ಕೂತ ಸದ್ದಲ್ಲ, ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಏಳುವ ಸದ್ದು. ಮೇಜಿನಿಂದ ಇಳಿದಾಗ ಹಗುರ ಅನಿಸುವುದು ನಿಜ. ಆದರೆ ವರ್ಷಗಟ್ಟಲೆ ಕುಡಿದವರ ಮೂಳೆ ಸವೆದಿರಬಹುದು, ಬೆನ್ನುಮೂಳೆಯ ಟಿಬಿ ಅಡಗಿರಬಹುದು. ಸಂಜೆ ಜ್ವರ, ತೂಕ ಇಳಿಕೆ ಇದ್ದರೆ ವೈದ್ಯರು ನೋಡಿ ಬೇಕಾದ ಪರೀಕ್ಷೆ ಮುಗಿಯುವವರೆಗೆ ಯಾರೂ ಬೆನ್ನು ತಿರುಚಬಾರದು. ಕುತ್ತಿಗೆಯ ಲಟಿಕೆಯಂತೂ ಬೇಡವೇ ಬೇಡ.

ಕಟಿಬಸ್ತಿ ಹಿತ. ಉದ್ದಿನ ಹಿಟ್ಟು ಗಟ್ಟಿಯಾಗಿ ಕಲಸಿ, ಸೊಂಟದ ಮೇಲೆ ಎರಡು ಇಂಚು ಎತ್ತರದ ಕಟ್ಟೆ ಕಟ್ಟಿ, ಒಳಗೆ ಬೆಚ್ಚಗಿನ ಎಣ್ಣೆ ಅರ್ಧ ಗಂಟೆ. ಹಿಟ್ಟು ಸಡಿಲವಾದರೆ ಎಣ್ಣೆ ಸೋರುತ್ತದೆ. ಮಳೆಗಾಲದಲ್ಲಿ ಎಣ್ಣೆ ಬೇಗ ತಣ್ಣಗಾಗುತ್ತದೆ, ಮತ್ತೆ ಮತ್ತೆ ಬದಲಿಸಬೇಕು.

ತೊಂದರೆ ಎಣ್ಣೆಯದ್ದಲ್ಲ, ಜೊತೆಗೆ ಬರೆದುಕೊಡುವ ಬಾಟಲಿಯದ್ದು. ದಶಮೂಲಾರಿಷ್ಟದಂಥ ಅರಿಷ್ಟ, ಆಸವಗಳು ಹುದುಗಿಸಿ ಮಾಡಿದವು. ಸಾಮಾನ್ಯವಾಗಿ ಶೇ 5ರಿಂದ 10ರಷ್ಟು ಆಲ್ಕೋಹಾಲ್ ತಾನಾಗಿ ಹುಟ್ಟಿರುತ್ತದೆ. ಲೇಬಲ್ಲಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಅದು ಇರುತ್ತದೆ, ಓದುವವರು ಯಾರು?

ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ನುಂಗುತ್ತಿರುವವರಿಗೆ ಎರಡು ಚಮಚ ಅರಿಷ್ಟವೂ ಸಾಕಾಗಬಹುದು: ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿ ಶುರು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರ ಈ ಅಪಾಯ ಉಳಿಯುತ್ತದೆ. ಮಾತ್ರೆ ಇಲ್ಲದವರಿಗೂ ಆ ವಾಸನೆ, ಆ ಒಗರು ಹಳೇ ಚಟವನ್ನು ಕೆಣಕುತ್ತದೆ. ವೈದ್ಯರಿಗೆ ಮೊದಲೇ ಹೇಳಿ ಅದನ್ನೇ ಕಷಾಯ ಅಥವಾ ಗುಳಿಗೆ ರೂಪದಲ್ಲಿ ಕೇಳಬೇಕು. ಸ್ಪಿರಿಟ್ ಬೆರೆತ ನೋವಿನ ಸ್ಪ್ರೇಯೂ ಬೇಡ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಇನ್ನೊಂದು ಚಟ ಅಂಟಿಸೀತು.

ಫಿಸಿಯೋದಲ್ಲಿ ಬಾಟಲಿಯ ರಗಳೆಯಿಲ್ಲ. ಮಂಡಿ, ಅಂಗೈ ಊರಿ ಬಲಗೈ, ಎಡಗಾಲು ನೀಟಾಗಿ ಚಾಚಿ ಹತ್ತು ಸೆಕೆಂಡ್ ನಿಲ್ಲಬೇಕು. ಆರು ಸಲ, ಆಮೇಲೆ ನಾಲ್ಕು, ಎರಡು. ಇನ್ನೊಂದು ಬದಿಗೂ ಅಷ್ಟೇ. ನಡು ಬಳುಕಿದರೆ ಕಾಲು ಅಷ್ಟು ಎತ್ತಬಾರದು. ನೋವು ಕಾಲಿಗೆ ಇಳಿದರೆ ನಿಲ್ಲಿಸಬೇಕು. ಸಾಧಾರಣವಾಗಿ ಎಲ್ಲರೂ ಕೈಬಿಡುವುದು ಎರಡನೇ ವಾರ, ನೋವು ಅರ್ಧ ಇಳಿದಾಗ. ಕೇಂದ್ರದಲ್ಲಿ ಬೆಳಗಿನ ಪ್ರಾರ್ಥನೆಗೆ ಸೇರಿಸಿಬಿಟ್ಟರೆ ತಪ್ಪುವುದಿಲ್ಲ.

ಮೂತ್ರ ಕಟ್ಟಿದರೆ, ತೊಡೆ ಸಂದಿ ಮರಗಟ್ಟಿದರೆ, ಪಾದ ಎತ್ತಲಾಗದಿದ್ದರೆ ಈ ಮೂರು ಚಿಕಿತ್ಸೆಯೂ ಅಲ್ಲ, ಅವತ್ತೇ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ.

ಖರ್ಚಿನಲ್ಲೂ ಫಿಸಿಯೋನೇ ಕಡಿಮೆ: ಕಲಿಸಲು ವಾರಕ್ಕೊಮ್ಮೆ ಒಬ್ಬರು, ಮಿಕ್ಕ ದಿನ ಒಂದು ಜಮಖಾನ.