ಮರ ಗುರುತಿಸುವ ಕೀಲಿ ಕಾರ್ಡುಗಳು: ಒಂದು ವರ್ಷ ತರಗತಿಯಲ್ಲಿ ಬಳಸಿದ ಮೇಲೆ

ಶಾಲೆಯ ಅಂಗಳದಲ್ಲೂ ರಸ್ತೆಬದಿಯಲ್ಲೂ ಸಾಮಾನ್ಯವಾಗಿ ಕಾಣುವ 16 ಮರಗಳನ್ನು ಎಲೆ ನೋಡಿ ಗುರುತಿಸಲು ಕಲಿಸುವ ಈ ಕಾರ್ಡುಗಳ ಕಟ್ಟನ್ನು ಕಳೆದ ಜೂನ್‌ನಲ್ಲಿ ನಮ್ಮ ಪ್ರೌಢಶಾಲೆಯ ಒಂಬತ್ತನೇ ತರಗತಿಗೆ ತರಿಸಿಕೊಂಡೆವು. ಪ್ರತಿ ಕಾರ್ಡಿನಲ್ಲಿ ಒಂದಕ್ಕೊಂದು ಎದುರಾದ ಎರಡು ಹೇಳಿಕೆಗಳಿವೆ. ಕೈಯಲ್ಲಿರುವ ರೆಂಬೆಗೆ ಯಾವುದು ಒಪ್ಪುತ್ತದೆಯೋ ಅದರ ಮುಂದಿನ ಸಂಖ್ಯೆಯ ಕಾರ್ಡಿಗೆ ಹೋಗುತ್ತಾ ಹೋದರೆ ಕೊನೆಗೆ ಮರದ ಹೆಸರು ಸಿಗುತ್ತದೆ. ನಿಸರ್ಗವಿಜ್ಞಾನಿ ಲಾಮಾರ್ಕ್ 1778ರಲ್ಲಿ ಫ್ರಾನ್ಸಿನ ಸಸ್ಯಗಳ ಕುರಿತ ತನ್ನ ಗ್ರಂಥದಲ್ಲಿ ಬಳಸಿದ ಈ ಇಬ್ಬಗೆಯ ಕೀಲಿ, ಅಂದರೆ ಡೈಕಾಟಮಸ್ ಕೀ, ಇಂದಿಗೂ ಸಸ್ಯಶಾಸ್ತ್ರಜ್ಞರ ನಿತ್ಯದ ಸಾಧನವಾಗಿದೆ.

ತಯಾರಿಸಿದವರಿಗೆ ವಿಷಯ ತಿಳಿದಿದೆ ಎಂಬುದು ಕಾರ್ಡುಗಳನ್ನು ಎಣಿಸಿದಾಗಲೇ ಗೊತ್ತಾಯಿತು. 16 ಮರಗಳಿಗೆ 15 ಜೋಡಿ ಹೇಳಿಕೆಗಳಿವೆ. ಪ್ರತಿ ಹಂತದಲ್ಲೂ ದಾರಿ ಎರಡಾಗಿ ಮಾತ್ರ ಒಡೆಯುವ, ಪ್ರತಿ ಮರಕ್ಕೂ ಒಂದೇ ದಾರಿಯಿರುವ ಕೀಲಿಯಲ್ಲಿ ಇರಬೇಕಾದದ್ದೂ ಅಷ್ಟೇ. ಹೂವು, ಹಣ್ಣುಗಳನ್ನು ನೆಚ್ಚದೆ ಎಲೆ, ತೊಟ್ಟು, ಹಾಲು, ಮುಳ್ಳುಗಳನ್ನೇ ಲಕ್ಷಣಗಳಾಗಿ ಆರಿಸಿಕೊಂಡಿರುವುದರಿಂದ ವರ್ಷದ ಬಹುಪಾಲು ಇವನ್ನು ಬಳಸಬಹುದು. ಬೇವಿನ ಕಿರುಎಲೆಯ ಗರಗಸದಂಥ ಅಂಚು, ಬಿಲ್ವದ ಮೂರೆಲೆ, ಅರಳಿಯ ಬಾಲದಂಥ ತುದಿ ಇವೆಲ್ಲವೂ ಮಕ್ಕಳ ಕಣ್ಣಿಗೆ ತಟ್ಟನೆ ಬೀಳುವ ಗುರುತುಗಳು.

ಆದರೆ ಮೊದಲ ಕಾರ್ಡೇ ಎಡವಿಸುತ್ತದೆ. ‘ಎಲೆ ಸರಳ’ (ಒಂದೇ ಹಾಳೆಯದು), ‘ಎಲೆ ಸಂಯುಕ್ತ’ (ಒಂದೇ ಕಡ್ಡಿಯ ಮೇಲೆ ಹಲವು ಕಿರುಎಲೆಗಳಾಗಿ ಒಡೆದದ್ದು) ಎಂಬ ಆಯ್ಕೆಯಷ್ಟೇ ಅದರಲ್ಲಿದೆ. ಒಂದು ಎಲೆ ಎಲ್ಲಿಂದ ಆರಂಭವಾಗುತ್ತದೆ ಎಂಬುದನ್ನು ಹೇಳಿಲ್ಲ. ಒಬ್ಬ ವಿದ್ಯಾರ್ಥಿನಿ ಹೊಂಗೆಯ ಕಿರುಎಲೆಯನ್ನೇ ಪೂರ್ತಿ ಎಲೆಯೆಂದು ಭಾವಿಸಿ, ‘ಸರಳ’, ‘ಹಾಲಿಲ್ಲ’, ‘ಎದುರುಬದುರು’ ಎಂದು ಪ್ರತಿ ಹೆಜ್ಜೆಯನ್ನೂ ಶ್ರದ್ಧೆಯಿಂದ ಇಟ್ಟು ನೇರಳೆಗೆ ಬಂದು ನಿಂತಳು. ‘ಸರ್, ನಮ್ಮ ಮನೆ ಹಿಂದಿನ ನೇರಳೆ ಹೀಗಿಲ್ಲವಲ್ಲ’ ಎಂದು ಅವಳೇ ಸಂಶಯಪಟ್ಟಾಗ ರೆಂಬೆಯನ್ನು ಮತ್ತೆ ಕೈಗೆ ತೆಗೆದುಕೊಂಡೆವು. ಮೊಗ್ಗಿರುವುದು ಪೂರ್ತಿ ಎಲೆಯ ಬುಡದಲ್ಲಿ, ಕಿರುಎಲೆಯ ಬುಡದಲ್ಲಲ್ಲ. ಇಲ್ಲೂ ಕಿರುಎಲೆಯ ಬುಡದಲ್ಲಿ ಮೊಗ್ಗಿರಲಿಲ್ಲ. ಐದು ಕಿರುಎಲೆಗಳನ್ನು ಹೊತ್ತ ಉದ್ದನೆಯ ಕಡ್ಡಿ ರೆಂಬೆಗೆ ಸೇರುವ ಕಂಕುಳಲ್ಲಿ ಸಾಸಿವೆಗಿಂತ ಚಿಕ್ಕದಾದ ಹಸಿರು ಮೊಗ್ಗಿತ್ತು. ಭೂತಗನ್ನಡಿಯಲ್ಲಿ ಅದನ್ನು ಕಂಡ ಮೇಲೆ ಆ ತಂಡದ ಯಾರೂ ಈ ತಪ್ಪನ್ನು ಮತ್ತೆ ಮಾಡಲಿಲ್ಲ. ಮೊಗ್ಗು ಹುಡುಕುವ ಈ ಸೂಚನೆ ಒಂದು ಚಿತ್ರದೊಂದಿಗೆ ಮೊದಲ ಕಾರ್ಡಿನಲ್ಲೇ ಇರಬೇಕಿತ್ತು.

ಇನ್ನೊಂದು ದೋಷ ಇದಕ್ಕಿಂತ ಗಂಭೀರವಾದದ್ದು. ಆಲ ಮತ್ತು ಹಲಸನ್ನು ‘ಎಲೆ ದೊಡ್ಡದು’, ‘ಎಲೆ ಚಿಕ್ಕದು’ ಎಂದು ಬೇರ್ಪಡಿಸಿದ್ದಾರೆ. ಎರಡರ ಎಲೆಗಳೂ ಗೇಣುದ್ದಕ್ಕೆ ಬೆಳೆಯುವುದರಿಂದ ಅಳತೆಯಿಲ್ಲದ ಇಂಥ ಮಾತು ಮಕ್ಕಳನ್ನು ಊಹೆಗೆ ತಳ್ಳುತ್ತದೆ. ಊಹಿಸದೆ ನೋಡುವುದನ್ನು ಕಲಿಸಲೆಂದೇ ಅಲ್ಲವೇ ನಾವು ಕೀಲಿಯನ್ನು ಕೈಗೆ ಕೊಡುವುದು? ಆಲದ ಎಲೆಯ ಬುಡದಿಂದಲೇ ಮೂರು ಅಥವಾ ಹೆಚ್ಚು ದಪ್ಪ ನರಗಳು ಹೊರಡುತ್ತವೆ, ಹಲಸಿನಲ್ಲಿ ನಡುನರದ ಉದ್ದಕ್ಕೂ ಪಕ್ಕದ ನರಗಳು ಒಡೆಯುತ್ತವೆ. ಇಷ್ಟು ಬರೆದಿದ್ದರೆ ಸಾಕಿತ್ತು. ಹಲಸಿನ ಎಳೆಯ ಸಸಿಗಳಲ್ಲಿ ಎಲೆ ಸೀಳಿಕೊಂಡಿರುವುದುಂಟು, ಆದ್ದರಿಂದ ಬೆಳೆದ ಮರದ ರೆಂಬೆಯನ್ನೇ ತರಬೇಕೆಂಬ ಎಚ್ಚರಿಕೆಯೂ ಅಗತ್ಯ.

ದಾರಿ ತಪ್ಪಿದವರು ಹಿಂದಿರುಗಲು ಪ್ರತಿ ಕಾರ್ಡಿನ ಮೂಲೆಯಲ್ಲಿ ಹಿಂದಿನ ಕಾರ್ಡಿನ ಸಂಖ್ಯೆಯನ್ನೂ ಮುದ್ರಿಸಿಲ್ಲ. ನಾವು ಶಾಶ್ವತ ಶಾಯಿಯ ಪೆನ್ನಿನಲ್ಲಿ ಬರೆದುಕೊಂಡೆವು. ಲ್ಯಾಮಿನೇಷನ್ ಗಟ್ಟಿಯಾಗಿದೆ, ಒಂದು ಮಳೆಗಾಲ ಕಳೆದರೂ ಅಂಚು ಬಿಟ್ಟಿಲ್ಲ. ನಾಲ್ಕು ಮಕ್ಕಳಿಗೆ ಒಂದು ಕಟ್ಟು ಸರಿಹೋಗುತ್ತದೆ. ಕೊಳ್ಳುವ ಶಿಕ್ಷಕರು ಮೊದಲ ಕಾರ್ಡನ್ನೂ ಆಲ–ಹಲಸಿನ ಕಾರ್ಡನ್ನೂ ತಿದ್ದಿಕೊಂಡು, ತಾವೇ ಒಮ್ಮೆ ಅಂಗಳದ ಮರಗಳ ಮೇಲೆ ಪರೀಕ್ಷಿಸಿದ ನಂತರ ಮಕ್ಕಳ ಕೈಗೆ ಕೊಡಬೇಕೆಂದು ಕೋರುತ್ತೇನೆ.