ಕಾನರ್ ಪ್ರೇರಿಯೋ, ಲಿಂಕನ್ ಇದ್ದ ನ್ಯೂ ಸೇಲಮ್ಮೋ?

ನಾವಿರುವುದು ಅಮೆರಿಕದ ಇಲಿನಾಯ್ ರಾಜ್ಯದ ಶಾಂಪೇನ್‌ನಲ್ಲಿ. ಮಗಳ ಶಾಲೆಯವರು ಇಂಡಿಯಾನದ ಕಾನರ್ ಪ್ರೇರಿಗೆ ಪ್ರವಾಸ ಹೊರಟಾಗ ಮಕ್ಕಳನ್ನು ನೋಡಿಕೊಳ್ಳಲು ನಾನೂ ಹೋಗಿದ್ದೆ. ಎರಡು ವರ್ಷ ಬಿಟ್ಟು ಮಗನ ತರಗತಿಯ ಜೊತೆ ನಮ್ಮ ಇಲಿನಾಯ್‌ನಲ್ಲೇ ಇರುವ ನ್ಯೂ ಸೇಲಮ್‌ಗೆ ಹೋದೆ. ಎರಡೂ ಹಳೆಯ ಕಾಲದ ಹಳ್ಳಿಯನ್ನು ತೋರಿಸುವ ಬಯಲು ವಸ್ತುಸಂಗ್ರಹಾಲಯಗಳು, ಎರಡೂ ಕಡೆ ಕಾಣುವುದು 1830ರ ದಶಕದ ಬದುಕು. ಬಿಳಿಯರು ಪಶ್ಚಿಮಕ್ಕೆ ಸರಿಯುತ್ತಾ, ಕಾಡು ಕಡಿದು, ಮರದ ದಿಮ್ಮಿ ಜೋಡಿಸಿ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ ಅದು.

ಮುಂದೆ ಅಮೆರಿಕದ ಅಧ್ಯಕ್ಷರಾದ ಅಬ್ರಹಾಂ ಲಿಂಕನ್ ನ್ಯೂ ಸೇಲಮ್‌ನಲ್ಲಿ 1831ರಿಂದ 1837ರವರೆಗೆ ಇದ್ದರು. ಅಂಗಡಿ ಇಟ್ಟು ಸಾಲ ಮೈಮೇಲೆ ಎಳೆದುಕೊಂಡರು, ಅಂಚೆ ನೋಡಿಕೊಂಡರು, ಜಮೀನು ಅಳೆದರು. 1840ರ ಹೊತ್ತಿಗೆ ಊರೇ ಖಾಲಿಯಾಯಿತು. ಈಗ ಕಾಣುವ ಮನೆಗಳು ಬಹುಪಾಲು 1930ರ ದಶಕದಲ್ಲಿ ಮತ್ತೆ ಕಟ್ಟಿದವು. ಪೀಪಾಯಿ ಮಾಡುವವರ ಅಂಗಡಿಯೊಂದೇ ಹಳೆಯದು. ಮರದ ಹೆರೆ ಉರಿಸಿ, ಆ ಬೆಳಕಿನಲ್ಲಿ ಲಿಂಕನ್ ಅಲ್ಲಿ ಓದುತ್ತಿದ್ದರಂತೆ. ನನ್ನ ಮಗ ಆ ಬಾಗಿಲು ಬಿಟ್ಟು ಕದಲಲೇ ಇಲ್ಲ. ಊರು ಶಾಂತವಾಗಿದೆ, ಒಳಗೆ ಹೋಗಲು ಟಿಕೆಟ್ ಇಲ್ಲ. ಲಿಂಕನ್ ಕಥೆ ಸ್ವಲ್ಪ ಓದಿಕೊಂಡು ಹೋದರೆ ಪ್ರತಿ ಮನೆಯೂ ಮಾತಾಡುತ್ತದೆ.

ಕಾನರ್ ಪ್ರೇರಿಯಲ್ಲಿ ಆ ಕಾಲದವರ ವೇಷ ಹಾಕಿದ ಜನರೇ ಮಾತಾಡುತ್ತಾರೆ. ಅಲ್ಲಿನ ಹಳ್ಳಿಯಲ್ಲಿ ಇಸವಿ 1836. ಅಧ್ಯಕ್ಷರು ಯಾರು ಎಂದು ಕೇಳಿದರೆ, ಕಮ್ಮಾರನು "ಆಂಡ್ರೂ ಜಾಕ್ಸನ್" ಎಂದ. ನಮ್ಮ ಹುಡುಗರು ಎಷ್ಟು ಕೆಣಕಿದರೂ ಆ ವರ್ಷ ಬಿಟ್ಟು ಈಚೆಗೆ ಬರಲಿಲ್ಲ. ಒಂದು ಮನೆಯಲ್ಲಿ ಸೌದೆ ಉರಿಸಿ ಅಡುಗೆ ಮಾಡುತ್ತಿದ್ದರು. ಉಳಿದ ಮಕ್ಕಳು ಹೊಗೆಗೆ ಕೆಮ್ಮಿದರೆ, ನನ್ನ ಮಗಳು "ತೀರ್ಥಹಳ್ಳಿ ಅಜ್ಜಿ ಮನೆ ವಾಸನೆ, ಅಲ್ವಾ ಅಮ್ಮಾ?" ಅಂದಳು. ನನಗೂ ಅದೇ ಅನಿಸಿತ್ತು.

ಆದರೆ ನನ್ನನ್ನು ಇವತ್ತಿಗೂ ಬಿಡದಿರುವುದು ಮೆಕಿಂಜೆಸ್ ಕಥೆ. ಈ ಜಾಗಕ್ಕೆ ಯಾರ ಹೆಸರಿದೆಯೋ ಆ ತುಪ್ಪಳದ ವ್ಯಾಪಾರಿ ವಿಲಿಯಂ ಕಾನರ್‌ನ ಹೆಂಡತಿ ಆಕೆ, ಅಮೆರಿಕದ ಮೂಲನಿವಾಸಿಗಳಾದ ಲೆನಾಪೆ ಬುಡಕಟ್ಟಿನವಳು. ಅಮೆರಿಕ ಸರ್ಕಾರದ ಜೊತೆಗಿನ 1818ರ ಒಪ್ಪಂದದಲ್ಲಿ ಲೆನಾಪೆಗಳು ಇಂಡಿಯಾನದ ನೆಲ ಬಿಟ್ಟುಕೊಡಬೇಕಾಯಿತು. ಆ ಮಾತುಕತೆಗೆ ದುಭಾಷಿಯಾಗಿದ್ದವನು ಕಾನರನೇ. 1820ರಲ್ಲಿ ಮೆಕಿಂಜೆಸ್ ಆರು ಮಕ್ಕಳನ್ನು ಕರೆದುಕೊಂಡು ತನ್ನ ಜನರ ಜೊತೆ ಪಶ್ಚಿಮಕ್ಕೆ ಹೊರಟಳು. ಅವನು ಇಲ್ಲೇ ಉಳಿದ, ಅದೇ ವರ್ಷ ಇನ್ನೊಂದು ಮದುವೆಯಾದ, 1823ರಲ್ಲಿ ಇಟ್ಟಿಗೆ ಮನೆ ಕಟ್ಟಿಸಿದ. ಆ ಮನೆ ಇನ್ನೂ ಇದೆ. ಮಗಳು ಬಸ್ಸಿನಲ್ಲಿ ತುಂಬಾ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ, "ಮಕ್ಕಳನ್ನು ಹೇಗೆ ಕಳಿಸಿಬಿಟ್ಟ?" ಅಂತ ಕೇಳಿದಳು.

ಒಂದೇ ಕಡೆ ಹೋಗಲು ಆಗುವುದಾದರೆ, ನಾಲ್ಕನೇ ತರಗತಿ ಆಸುಪಾಸಿನ ಮಕ್ಕಳಿಗೆ ನನ್ನ ಆಯ್ಕೆ ಕಾನರ್ ಪ್ರೇರಿಯೇ. ಟಿಕೆಟ್ ಖರ್ಚು ಇದೆ, ಆದರೂ ಮಕ್ಕಳು ತಾವಾಗಿಯೇ ಪ್ರಶ್ನೆ ಕೇಳುತ್ತಾರೆ. ಏಳು, ಎಂಟನೇ ತರಗತಿಯವರಿಗೆ ನ್ಯೂ ಸೇಲಮ್ ಜಾಸ್ತಿ ಒಗ್ಗುತ್ತದೆ. ನಮ್ಮೂರಿನಿಂದ ಎರಡೂ ಸುಮಾರು ಎರಡು ಗಂಟೆಯ ದಾರಿ. ಆದರೆ ಇಂಡಿಯಾನದ ಆ ಭಾಗದ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ. ಬಸ್ ಬೆಳಿಗ್ಗೆ ಬೇಗ ಹೊರಡಿಸಿ.